ನೋಡದ ನಾಲೆಗೆ ಸಿಕ್ಕ ಡಿಸ್ಟಿಂಕ್ಷನ್

ನಾಲಾ ವಿಭಾಗದ ಮಾನ್ಯ ಮೇಲಧಿಕಾರಿಗಳೇ,

ಹಳೇಕೋಟೆ ಬಯಲಿನ ಕಡೆಯ ತೂಬಿಗೆ ಸಾಕಷ್ಟು ನೀರು ತಲುಪುತ್ತಿದೆ ಎಂದು ನಿಮ್ಮ ಕಚೇರಿ ಅಲ್ಲಿನ ರೈತ ಮಹಿಳೆ ಲಕ್ಕಮ್ಮನವರ ಅರ್ಜಿಗೆ ಕೊಟ್ಟ ಹಿಂಬರಹ ಸುಳ್ಳು. ಅದಕ್ಕೆ ಆಧಾರವೆಂದು ನೀವು ತೋರಿಸಿರುವ ‘ವಿದೇಶಿ ವಿಶ್ವವಿದ್ಯಾಲಯದ ಅಧ್ಯಯನ’ ನನ್ನದು. ಹಾಗಾಗಿ ಈ ಪತ್ರದಲ್ಲಿ ನಿಮ್ಮ ಜೊತೆ ನಾನೂ ಆರೋಪಿ.

ಮೂರು ವರ್ಷದ ಹಿಂದೆ ನೆದರ್ಲೆಂಡ್ಸ್‌ನಲ್ಲಿ ಜಲ ನಿರ್ವಹಣೆಯ ಸ್ನಾತಕೋತ್ತರ ಪದವಿ ಓದುತ್ತಿದ್ದೆ. ತರಗತಿಯಲ್ಲಿ ಹನ್ನೊಂದು ದೇಶದವರಿದ್ದರು. ಪ್ರಬಂಧಕ್ಕೆ ನಮ್ಮ ಕಡೆಯ ನಾಲೆಯನ್ನೇ ಆರಿಸಿಕೊಂಡೆ. ಕೇಳಿದ ವಾರದಲ್ಲೇ ನಿಮ್ಮ ಕಚೇರಿ ಹತ್ತು ವರ್ಷದ ನೀರಿನ ಮಟ್ಟದ ಅಂಕಿಗಳನ್ನು ಕಳಿಸಿತು. ಎಂಥ ದಕ್ಷತೆ! ಒಂದು ದಿನವೂ ಬಿಟ್ಟುಹೋಗಿರಲಿಲ್ಲ. ಯುಗಾದಿ, ದೀಪಾವಳಿಯಲ್ಲೂ ಯಾರೋ ಪುಣ್ಯಾತ್ಮರು ಹೋಗಿ ಅಳೆದಿದ್ದರು. ಆಗಲೇ ಅನುಮಾನ ಬರಬೇಕಿತ್ತು. ಅಂಕಿಗಳು ನನ್ನ ಲೆಕ್ಕಾಚಾರಕ್ಕೆ ಅಷ್ಟು ಚೆನ್ನಾಗಿ ಹೊಂದುತ್ತಿದ್ದವು, ಅನುಮಾನ ನನಗೇ ಬೇಕಿರಲಿಲ್ಲ. ರಜೆಗೆ ಹೊಳೆನರಸೀಪುರಕ್ಕೆ ಬಂದು ಇಪ್ಪತ್ತು ದಿನ ಇದ್ದರೂ ನಾಲೆಯ ಕಡೆ ತಲೆ ಹಾಕಲಿಲ್ಲ. ಪ್ರಬಂಧ ಮಂಡಿಸಿದ ದಿನ ಇಥಿಯೋಪಿಯಾದ ಸಹಪಾಠಿ ಹಿರುತ್ ಕೇಳಿದಳು: “ಕೊನೆಯ ತೂಬಿಗೆ ನೀನೇ ಹೋಗಿ ನೋಡಿದೆಯಾ?” ನೋಡಿದ್ದೇನೆ ಎಂದೆ. ಡಿಸ್ಟಿಂಕ್ಷನ್ ಬಂತು. ಪ್ರಬಂಧದ ಒಂದು ಪ್ರತಿ ನಿಮ್ಮ ಕಚೇರಿಗೂ ಬಂತು.

ಹೋದ ತಿಂಗಳು ಲಕ್ಕಮ್ಮ ನಿಮ್ಮ ಹಿಂಬರಹ ಹಿಡಿದು ನಮ್ಮ ಮನೆಗೆ ಬಂದರು. ನೀರಿನ ವಿಷಯ ಓದಿದವಳು ಅಂತ ಯಾರೋ ಕಳಿಸಿದ್ದರು. ಓದಿ ಹೇಳಿದೆ, ನನ್ನ ಹೆಸರಿದ್ದ ಸಾಲನ್ನು ಮಾತ್ರ ನುಂಗಿಕೊಂಡೆ.

“ಯಾರೋ ಕಣ್ಣಲ್ಲಿ ನೋಡ್ದೇನೆ ಬರ್ದವ್ರೆ ಕಣವ್ವ” ಅಂದರು.

ಮಾರನೇ ದಿನ ಅವರ ಜೊತೆ ಹೋದೆ. ನಾಲೆಯೊಳಗೆ ಮೇಕೆಗಳು ಮೇಯುತ್ತಿದ್ದವು. ಭತ್ತ ಬೆಳೆಯುತ್ತಿದ್ದ ಗದ್ದೆಯಲ್ಲಿ ಹುರುಳಿ. ತೂಬು ಎತ್ತಿ ಇಳಿಸುವ ಸೌಡಿ ಸಣ್ಣಯ್ಯನವರನ್ನು, ನೀರಿನ ಮಟ್ಟ ಅಳೆಯುವ ಪಟ್ಟಿ ಎಲ್ಲಿದೆ ಎಂದು ಕೇಳಿದೆ.

“ಪಟ್ಟಿ ಆಕೇ ಇಲ್ಲ ಕಣ್ ಮೇಡಮ್ಮೋರೆ. ಇಲ್ಲಿಗೆ ನೀರು ಬಂದು ಆರು ವರ್ಸ ಆಯ್ತು, ಏನ ಅಳೆಯಾದು? ಅವ್ರು ಆಫೀಸ್ನಾಗೇ ಕುಂತು ಬರ್ಕಂತಾರೆ.”

ಅಲ್ಲೇ ಲಕ್ಕಮ್ಮನವರಿಗೆ ಹೇಳಿಬಿಟ್ಟೆ, ಬರೆದವಳು ನಾನೇ ಅಂತ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. “ಅಷ್ಟು ದೂರ ಓಗಿದ್ದೆ, ಇಷ್ಟು ಅತ್ರ ಬರಾಕಾಗ್ನಿಲ್ವಾ ಮಗ?” ಎಂದರು.

ಸ್ವಾಮಿ, ನಿಮಗೂ ನನಗೂ ವ್ಯತ್ಯಾಸವೇನು? ನೀವು ಕುಳಿತಲ್ಲೇ ಅಂಕಿ ಹುಟ್ಟಿಸಿದಿರಿ. ನಾನು ಸಮುದ್ರದಾಚೆಯಿಂದ ಅದಕ್ಕೆ ಸೀಲು ಹಾಕಿಸಿಕೊಂಡು ಬಂದೆ. ಅದೇ ಸೀಲನ್ನು ನೀವು ರೈತರ ಮುಖಕ್ಕೆ ಹಿಡಿದಿರಿ. ನಿಮಗೆ ನಾಚಿಕೆಯಾಗುತ್ತದೋ ಇಲ್ಲವೋ ತಿಳಿಯದು. ಹಿರುತ್‌ಗೆ ಫೋನ್ ಮಾಡಿ ನಿಜ ಹೇಳುವಾಗ ನನಗಂತೂ ಆಯಿತು.

ವಿಶ್ವವಿದ್ಯಾಲಯಕ್ಕೂ ಬರೆದಿದ್ದೇನೆ, ವಿಚಾರಣೆ ಶುರುವಾಗಿದೆ. ಈಗ ನಿಮ್ಮ ಸರದಿ. ಆ ಹಿಂಬರಹವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಮುಂದಿನ ಸಲ ನೀರು ಬಿಟ್ಟ ದಿನ ಜೀಪು ಬಿಟ್ಟು ಏರಿಯ ಮೇಲೆ ನಡೆದು ಬನ್ನಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲೇ, ಲಕ್ಕಮ್ಮನವರ ಎದುರಿಗೆ, ಕಂಡದ್ದನ್ನು ಬರೆದು ಸಹಿ ಮಾಡಿ. ಕೆಳಗೆ ನಾನೂ ಮಾಡುತ್ತೇನೆ.

ಇಂತಿ,
ಪದವಿ ಉಳಿಯುತ್ತದೋ ಇಲ್ಲವೋ ತಿಳಿಯದ,
ದೀಪಶ್ರೀ
ಹೊಳೆನರಸೀಪುರ