ಸುಣ್ಣ ಬಳಿದ ಗೆರೆ

ರಾಮದುರ್ಗ,
ತಾ. 11-2-2025

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಹಾಸ್ಟೆಲ್ಲಿನಲ್ಲಿ ಇನ್ನೂ ನಿಂತೇ ರೊಟ್ಟಿ ಬಡಿಯುತ್ತೀಯೋ, ಹೊಸ ಅಡುಗೆಯವಳು ಬಂದಳೋ? ಮೇ ತಿಂಗಳಲ್ಲಿ ನಿವೃತ್ತಿಯಾದ ಮೇಲೆ ಬೈಲಹೊಂಗಲದ ಬಾಡಿಗೆ ಖೋಲಿ ಬಿಟ್ಟು ಇಲ್ಲಿಗೇ ಬರುತ್ತೇನೆ ಎಂದಿದ್ದೀಯ. ನಿನಗೆಂದು ಕಟ್ಟಬೇಕಿರುವ ಮಹಡಿ ಖೋಲಿಯ ಕಿಟಕಿ ಯಾವ ಕಡೆ ಇಡೋಣ ಎಂದು ಕೃಷ್ಣವ್ವ ನನ್ನನ್ನು ದಿನಾ ಕೇಳುತ್ತಾಳೆ. ಗಂಡನ ಮುಖ ಯಾಕೆ ಸಪ್ಪಗಿದೆ ಎಂದು ಮಾತ್ರ ಕೇಳಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

2019ರಲ್ಲಿ ನೀನು ಪಂಚಮಿಗೆಂದು ಬಂದಾಗಲೇ ನೆರೆ ಬಂತು. ನೀರು ಇಳಿದ ಮೇಲೆ ನೀನೇ ಸ್ಟೂಲು ಹತ್ತಿ, ನೀರು ನಿಂತಿದ್ದ ಎತ್ತರಕ್ಕೆ ಪಡಸಾಲೆಯ ಗೋಡೆಯ ಮೇಲೆ ಕೆಮ್ಮಣ್ಣಿನ ಗೆರೆ ಎಳೆದೆ. ನಿನ್ನನ್ನು ನೋಡಿ ಇಲ್ಲಿಯ ಹದಿನಾಲ್ಕೂ ಮನೆಯವರು ಎಳೆದರು. ಪ್ರತಿ ಪಂಚಮಿಗೆ ಆ ಗೆರೆಗೆ ಅರಿಷಿಣ ಕುಂಕುಮ ಹಚ್ಚಿ, “ಇಲ್ಲಿಗೆ ಸಾಕ ನಮ್ಮವ್ವಾ, ಇದನ್ನ ದಾಟಬ್ಯಾಡ” ಎಂದು ಮಲಪ್ರಭೆಗೆ ಕೈಮುಗಿಯುವುದು ರೂಢಿಯಾಯಿತು.

ಕಳೆದ ನವೆಂಬರಿನಲ್ಲಿ ಪಟ್ಟಣದ ಹೊಸ ನಕ್ಷೆಗೆ ಅಳತೆ ಶುರುವಾಯಿತು. ನೆರೆ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಹೊಳೆಯ ಪಟ್ಟಿ. ಅದರೊಳಗಿನ ಹಳೆಯ ಮನೆ ಕೆಡಹುವುದಿಲ್ಲ, ಆದರೆ ಹೊಸದಾಗಿ ಕಟ್ಟುವಂತಿಲ್ಲ, ಮಹಡಿ ಏರಿಸುವಂತಿಲ್ಲ, ಮಣ್ಣು ತುಂಬುವಂತಿಲ್ಲ. ಇದನ್ನು ಪೇಪರಿನಲ್ಲಿ ಓದಿದ ದಿನವೇ ನಾನು ಗೆರೆಯನ್ನು ಕೆರೆದು ಸುಣ್ಣ ಬಳಿದೆ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಓಣಿಯವರಿಗೆ ಪೇಪರ್ ಓದಿ ಹೇಳುವವನು ನಾನು. ನಾನು ಬಳಿದ ಮೇಲೆ ಉಳಿದವರೂ ಬಳಿದರು. ಬಯಲಿನಾಚೆ, ಹೊಳೆಗೆ ಹತ್ತಿರ ಇರುವ ಜುಬೇದಾಬಿ ಒಬ್ಬಳೇ ಒಪ್ಪಲಿಲ್ಲ. “ಗ್ವಾಡಿಗೆ ಹೊಡೀತೀರಿ ಖರೆ, ನೀರಿಗೆ ಸುಣ್ಣಾ ಹೊಡಿಯಾಕ ಬರತೈತೇನ್ರಿ ಅಣ್ಣಾರ?” ಎಂದಳು. ನಾವೆಲ್ಲ ನಕ್ಕೆವು.

ಅಳತೆಗೆ ಬಂದವಳು ಪ್ರಣಿತಾ ಎಂಬ ಹುಡುಗಿ. “ಕಾಕಾ, ನೀರು ಎಲ್ಲಿತನಕ ಬಂದಿತ್ರಿ?” ಎಂದಳು. ನಾನು ಬಯಲಿನಾಚೆಯ ಜುಬೇದಾಬಿಯ ಮನೆ ತೋರಿಸಿ, “ಅಲ್ಲೀತನಕ ಬಂದು ಹೊಳ್ಳಿ ಹೋತವ್ವಾ” ಎಂದೆ. ಜುಬೇದಾಬಿಯ ಗೆರೆ ನೋಡಿಬಂದು ಮತ್ತೊಮ್ಮೆ ಕೇಳಿದಳು. “ಅಕಿ ಮನಿ ತಗ್ಗಿನ್ಯಾಗ ಐತಿ” ಎಂದೆ. ಬರೆದುಕೊಂಡು, ಚಹಾ ಕುಡಿದು, ಉಪಕಾರವಾಯಿತೆಂದು ಹೇಳಿ ಹೋದಳು.

ಜನವರಿಯಲ್ಲಿ ಕರಡು ನಕ್ಷೆ ಬಂತು. ಹೊಳೆಯ ಪಟ್ಟಿ ಜುಬೇದಾಬಿಯ ಮನೆಯನ್ನು ಒಳಗಿಟ್ಟುಕೊಂಡು ಅವಳ ಹಿತ್ತಿಲ ಗೋಡೆಗೇ ಮುಗಿದಿದೆ. ನೆರೆನೀರು ಹರಡಿಕೊಳ್ಳುತ್ತಿದ್ದ ಬಯಲು ಈಗ ಪಟ್ಟಿಯ ಹೊರಗೆ. ಯಾರೋ ಪ್ಲಾಟು ಮಾಡಲು ಟಿಪ್ಪರಿನಲ್ಲಿ ಗರಸು ಮಣ್ಣು ತಂದು ಸುರಿಯುತ್ತಿದ್ದಾರೆ, ಆಗಲೇ ಆಳೆತ್ತರವಾಗಿದೆ. ಇನ್ನು ನೀರು ಬಂದರೆ ಮುಂದೆ ಹೋಗಲು ಜಾಗವಿಲ್ಲ, ಅವಳ ಮನೆಯಲ್ಲೇ ನಿಲ್ಲುತ್ತದೆ. ಅಕ್ಕಾ, ಪೇಪರಿನಲ್ಲಿ ಪ್ರಕಟಣೆ ಬಂದ ದಿನ ಕಟ್ಟೆಯ ಮೇಲೆ ಎಲ್ಲವನ್ನೂ ಓದಿದೆ, ಒಂದು ಸಾಲು ಬಿಟ್ಟು: ಆಕ್ಷೇಪಣೆ ಸಲ್ಲಿಸಲು ಫೆಬ್ರವರಿ 20 ಕೊನೆಯ ದಿನ. ಜುಬೇದಾಬಿಗೆ ಕನ್ನಡ ಓದಲು ಬರುವುದಿಲ್ಲ. ನಿನ್ನೆ ಅವಳ ಮನೆಗೇ ಹೋಗಿ ಆ ಸಾಲು ಓದಿದೆ. “ಇವತ್ತಿನ ಪೇಪರನ್ಯಾಗ ಬಂದೈತೇನ್ರಿ?” ಎಂದಳು. “ಇಲ್ಲವಾ, ಹ್ವಾದ ತಿಂಗಳದ್ದು” ಎಂದೆ. ಅವಳು ಪೇಪರನ್ನು ಮಡಿಸಿ ನನ್ನ ಕೈಗೇ ಕೊಟ್ಟಳು.

ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ಕೃಷ್ಣವ್ವ ನಮಸ್ಕಾರ ಹೇಳಿದ್ದಾಳೆ. ನನ್ನ ನಮಸ್ಕಾರವನ್ನು ನೀನು ಒಪ್ಪಿದರೆ ಅದೂ ಇದೆ.

ನಿನ್ನ ತಮ್ಮ,
ರಾಮಲಿಂಗಪ್ಪ

ತಾ.ಕ.: ಬೈಲಹೊಂಗಲದ ಬಸ್ಸು ಹೊರಡುತ್ತಿದೆ, ಕಂಡಕ್ಟರ್ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಆಕ್ಷೇಪಣೆಯನ್ನು ಇಂದು ಬೆಳಿಗ್ಗೆ ನಾನೇ ಕೊಟ್ಟುಬಂದೆ. ಸುಳ್ಳು ಹೇಳಿದವನು ನಾನೇ ಎಂದು ಬರೆದು ಸಹಿ ಮಾಡಿದ್ದೇನೆ. ಅದು ಒಪ್ಪಿಗೆಯಾದರೆ ನಿನ್ನ ಮಹಡಿ ಖೋಲಿ ಆಗುವುದಿಲ್ಲ. ಸುಣ್ಣ ಬಳಿದಾಗಲೂ ನಿನ್ನನ್ನು ಕೇಳಲಿಲ್ಲ, ಈಗಲೂ ಕೇಳಲಿಲ್ಲ. ಕಚೇರಿಯವರು ಪುರಾವೆ ಬೇಡುತ್ತಿದ್ದಾರೆ. ಗೆರೆಯಿದ್ದ ಆ ಗೋಡೆಯ ಕೆಳಗೆ ನಾನು ಪೇಪರ್ ಓದುತ್ತ ಕುಳಿತ ಫೋಟೊ ನಿನ್ನ ಫೋನಿನಲ್ಲಿದೆ, 20ರೊಳಗೆ ಕಳಿಸು. ಗೆರೆ ನನ್ನ ತಲೆಗಿಂತ ಎಷ್ಟು ಮೇಲಿತ್ತು ಎಂಬುದು ಅದರಲ್ಲಿ ಕಾಣುತ್ತದೆ.