ಇಷ್ಟವೋ ಬೇಸರವೋ

೧೪ ಜೂನ್, ಭಾನುವಾರ

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಬಂದು ತಿಂಗಳಾಯ್ತು. ಉತ್ತರ ಬರೀಲಿಲ್ಲ ಅಂತ ಬೈಕೋಬೇಡಿ. ಮಂಡಿನೋವು ಹೇಗಿದೆ? ಮನೆಯವರ ನಿದ್ದೆ ಸರಿಹೋಯ್ತಾ? ಕೇಳೋದು ಬೇಕಾದಷ್ಟಿದೆ, ಆದರೆ ಹೊಟ್ಟೆಯಲ್ಲಿರೋದನ್ನ ಮೊದಲು ಹೇಳಿಬಿಡ್ತೀನಿ. ಇಲ್ಲದಿದ್ದರೆ ಧೈರ್ಯ ಸೋರಿಹೋಗುತ್ತೆ.

ನಾನು ಕೆಲಸಕ್ಕೆ ಹೋಗೋ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವರು ಒಬ್ಬರಿದ್ದಾರೆ. ಹೆಂಡತಿ ತೀರಿಕೊಂಡು ಬಹಳ ವರ್ಷ. ಎಲ್ಲರ ಬಾಯಲ್ಲೂ ಗಾಜಣ್ಣ. ನನಗೆ ಮಾತ್ರ ಈಚೆಗೆ ಆ ‘ಅಣ್ಣ’ ಬಾಯಿಗೆ ಬರ್ತಿರಲಿಲ್ಲ. ಒಂದಿನ ಗಿರಾಕಿಗಳ ಎದುರೇ “ರೀ, ಈ ಫ್ರೇಮಿಗೆ ಗಾಜು ಕೂರಿಸಿದ್ರಾ?” ಅಂದುಬಿಟ್ಟೆ, ಥೇಟ್ ಗಂಡನ್ನ ಕೂಗಿದ ಹಾಗೆ! ಮಾಲೀಕರು ಮುಸಿಮುಸಿ ನಕ್ಕರು. ನಾಚಿಕೆಯಿಂದ ಹಿಡಿಯಾದೆ.

ಆಮೇಲೆ ಏನನ್ನಿಸಿತೋ, ಸಂಜೆ ನೇರ ಒಳಗೆ ಹೋದೆ. “ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನೀವಂದ್ರೆ ನನಗಿಷ್ಟ. ನಿಮಗೆ?”

ಅವರು ಮೆಷಿನ್ ನಿಲ್ಲಿಸಿದರು. “ಇದನ್ನ ಗಂಡಸು ಅಲ್ವಾ ಮೊದಲು ಕೇಳೋದು?”

“ನೀವು ಕೇಳೋ ಹೊತ್ತಿಗೆ ಇಬ್ಬರ ಕಣ್ಣಿಗೂ ಪೊರೆ ಬಂದಿರುತ್ತೆ.”

ಅವರು ಮತ್ತೆ ಮೆಷಿನ್ ಹಾಕಿಕೊಂಡರು. ಮಾರನೇ ದಿನ ಬಂದು ಹೇಳಿದರು: “ನನಗೂ ಇಷ್ಟ. ಆದರೆ ಅದು ಇಷ್ಟವೋ, ಒಬ್ಬನೇ ಕೂತು ಉಣ್ಣೋ ಬೇಸರವೋ ಗೊತ್ತಾಗ್ತಿಲ್ಲ. ಗೊತ್ತಿದೆ ಅಂತ ನಿಮಗೆ ಸುಳ್ಳು ಹೇಳಲಾರೆ.”

ಮೈಯೆಲ್ಲ ಉರಿದುಹೋಯ್ತು ಅತ್ತಿಗೆ. ಮನೆ ಸೇರೋ ಹೊತ್ತಿಗೆ ಮಾತ್ರ, ಹೂಂ ಅಂದಿದ್ದರೂ ಇಷ್ಟು ಹಿಡಿಸ್ತಿರಲಿಲ್ಲ ಅನ್ನಿಸಿತು. ನಿಮ್ಮ ತಮ್ಮ ತೀರಿಕೊಂಡ ಮೇಲೆ ನನ್ನ ಕಥೆಯೂ ಅದೇ ಇರಬಹುದಲ್ಲ? ಮತ್ತೆ ಹೋಗಿ, “ಹಾಗಾದರೆ ಒಟ್ಟಿಗೆ ಉಣ್ಣೋಣ. ಬೇಸರ ಕಳೆದ ಮೇಲೆ ಏನು ಉಳಿಯುತ್ತೋ ನೋಡೋಣ” ಅಂದೆ.

ಈಗ ದಿನಾ ಮಧ್ಯಾಹ್ನ ಅಂಗಡಿಯ ಮುಂಬಾಗಿಲಲ್ಲೇ, ಎಲ್ಲರಿಗೂ ಕಾಣೋ ಹಾಗೆ, ಬುತ್ತಿ ಬಿಚ್ಚುತ್ತೀವಿ. ಏನು ಉಳಿದಿದೆ ಅಂತ ಇಬ್ಬರಿಗೂ ಇನ್ನೂ ತಿಳಿದಿಲ್ಲ. ಮಗಳು “ಅಮ್ಮಾ, ಏನಾದ್ರೂ ಮಾಡ್ಕೋ, ಅತ್ತೆಗೆ ಮಾತ್ರ ಹೇಳಬೇಡ” ಅಂದಳು. ಅವಳಿಗೇನು ಗೊತ್ತು, ನೀವು ಬೇರೆಯವರ ಬಾಯಿಂದ ಕೇಳಿದರೆ ನಾನು ತಡ್ಕೊಳ್ಳಲ್ಲ. ಬೈಯೋದಿದ್ದರೆ ಬೈದು ಬರೀರಿ, ಸುಮ್ಮನೆ ಮಾತ್ರ ಇರಬೇಡಿ. ಮಕ್ಕಳೆಲ್ಲ ತಣ್ಣಗಿರಲಿ. ನನ್ನ ತಲೆ ಮೇಲೂ ನಿಮ್ಮ ಕೈ ಇರಲಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯೋಕೆ ಕೈ ಬರಲಿಲ್ಲ: ಮೊನ್ನೆ ಅವರು ನನ್ನನ್ನ ಹೆಸರು ಹಿಡಿದು ಕರೆದರು. ಆಗ ನಿಮ್ಮ ತಮ್ಮ ಹೇಗೆ ಕರೀತಿದ್ದರು ಅಂತ ನೆನೆಸಿಕೊಳ್ಳೋಕೆ ಹೋದೆ. ಮುಖ ಬಂತು, ನಡಿಗೆ ಬಂತು, ದನಿ ಬರಲಿಲ್ಲ. ಎಷ್ಟು ಹುಡುಕಿದರೂ ಬರ್ತಿಲ್ಲ. ನಿಮಗಾದರೂ ನೆನಪಿದೆಯಾ ಅತ್ತಿಗೆ? ಇದನ್ನ ನಿಮ್ಮನ್ನಲ್ಲದೆ ಯಾರನ್ನ ಕೇಳಲಿ?