ವಿರೋಧಿಸುವವರು ಯಾರಾದರೂ ಇದ್ದೀರಾ?

ಸೆಪ್ಟೆಂಬರ್ 8, ಸಂಜೆ

ಮತ್ತೆ ಜಿಲ್ಲೆಗಳ ನಂಬರು. ಪಾರ್ಕಿಂಗ್ ಜಾಗದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕಾರುಗಳ ನಂಬರ್ ಪ್ಲೇಟು ತೋರಿಸಿ, ಇದು ಯಾವ ಜಿಲ್ಲೆಯ ಕಾರು ಅಂತ ಕೇಳುವುದು. ನೆಬ್ರಾಸ್ಕದಲ್ಲಿ ಹುಟ್ಟಿದವರಿಗೆ ಇಷ್ಟಾದರೂ ಗೊತ್ತಿರಬೇಡವೇ? ವೆಸ್ಟನ್ ಮಾತ್ರ ಪಟಪಟನೆ ಹೇಳಿದ. ಉಳಿದವರು ಆಕಳಿಸಿದರು. ಆಕಳಿಸಲಿ. ನಾನು ಕಲಿತದ್ದೂ ಹೀಗೇ.

ಎದುರು ಕೋಣೆಗೆ ಹೊಸಬಳು ಬಂದಿದ್ದಾಳೆ. ಮಿಸ್ ಟೀಗನ್ ಹಾಲ್ವರ್ಸನ್, ಒಮಾಹಾದವಳು. ನಾಲ್ಕನೇ ಕ್ಲಾಸಿನ ಇನ್ನೊಂದು ವಿಭಾಗ ಅವಳದು. ನನ್ನ ಮಗಳು ಬ್ರಿನ್ ಅವಳ ಕ್ಲಾಸಿಗೇ ಬಿದ್ದಿದ್ದಾಳೆ. ಟೀಚರ ಮಗುವನ್ನು ಅದೇ ಟೀಚರ ಕ್ಲಾಸಿಗೆ ಹಾಕುವುದಿಲ್ಲ, ಸ್ಕೂಲಿನ ನಿಯಮ. ಗೊತ್ತಿದ್ದ ನಿಯಮವೇ. ಆದರೂ ಬ್ರಿನ್ ತೊಟ್ಟಿಲಲ್ಲಿ ಇದ್ದಾಗಿನಿಂದ ಈ ಒಂದು ವರ್ಷಕ್ಕೆ ಕಾದಿದ್ದೆ. ನಾಲ್ಕನೇ ಕ್ಲಾಸಿನಲ್ಲಲ್ಲವೇ ನಮ್ಮ ರಾಜ್ಯದ ಪಾಠ... ಪ್ಲ್ಯಾಟ್ ನದಿ, ಮರಳ ಗುಡ್ಡಗಳು, ರಾಜಧಾನಿ ಲಿಂಕನ್‌ನ ಶಾಸನಸಭೆ. ಅವಳಿಗೆ ಅದನ್ನೆಲ್ಲ ತೋರಿಸುವವಳು ನಾನೇ ಆಗಬೇಕಿತ್ತು.

ಅಕ್ಟೋಬರ್ 2

ಹಾಲ್ವರ್ಸನ್ ಆಟದ ಮೈದಾನದ ಸಿಮೆಂಟಿನ ಮೇಲೆ ಇಡೀ ರಾಜ್ಯದ ನಕ್ಷೆಯನ್ನು ಬರೆದಿದ್ದಾಳೆ. ಬಣ್ಣ ಹಚ್ಚಿ! ಅವಳ ಮಕ್ಕಳು ಬಕೆಟ್ಟಿನಲ್ಲಿ ನೀರು ತಂದು ಪ್ಲ್ಯಾಟ್ ನದಿಗೆ ಸುರಿದು, ನೀರಿನ ಹಿಂದೆ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತಿದ್ದರು. ಎಲ್ಲರಿಗಿಂತ ಮುಂದೆ ಬ್ರಿನ್, ಒದ್ದೆ ಶೂ, ಬಾಯಿ ತುಂಬಾ ನಗು. ನನ್ನ ಮಕ್ಕಳು ಪೆನ್ಸಿಲ್ ಕೆಳಗಿಟ್ಟು ಕಿಟಕಿಗೆ ಮೂಗು ಒತ್ತಿ ನಿಂತುಬಿಟ್ಟರು.

ಪರದೆ ಎಳೆದೆ. ಬಿಸಿಲು ಅಂತ ಹೇಳಿದೆ. ಮೋಡ ಕವಿದಿತ್ತು.

ರಾತ್ರಿ ಊಟಕ್ಕೆ ಕೂತರೆ ಮಿಸ್ ಹಾಲ್ವರ್ಸನ್ ಹಾಗಂದ್ರು, ಮಿಸ್ ಹಾಲ್ವರ್ಸನ್ ಹೀಗಂದ್ರು. "ಅಮ್ಮಾ, ಪ್ಲ್ಯಾಟ್ ನದಿ ಎಷ್ಟು ತೆಳ್ಳಗೆ ಗೊತ್ತಾ? ಅಗಲ ಮಾತ್ರ ಇದೆ, ಆಳಾನೇ ಇಲ್ಲ!"

"ನಿಂಗೆ ಐದು ವರ್ಷ ಇದ್ದಾಗ ನಾನೇ ಹೇಳಿದ್ದೆ ಅದನ್ನ."

"ಹೌದಾ? ನೆನಪಿಲ್ಲಪ್ಪ."

ನನ್ನ ಗಂಡ ಲೈಲ್ ತಟ್ಟೆಯಲ್ಲೇ ಮುಖ ಹುದುಗಿಸಿ ನಕ್ಕ. ಗಂಡಸರಿಗೆ ಇಂಥ ಹೊತ್ತಿನಲ್ಲಿ ನಗು ಎಲ್ಲಿಂದ ಬರುತ್ತದೋ.

ನವೆಂಬರ್ 20

ಇವತ್ತು ಸ್ಕೂಲಿನಲ್ಲಿ ಬೀನ್ಸ್ ಚಿಲಿ, ಜೊತೆಗೆ ದಾಲ್ಚಿನ್ನಿ ರೋಲ್. ಖಾರದ ಮಾಂಸದ ಸಾರಿಗೆ ಸಿಹಿ ರೋಲನ್ನು ಅದ್ದಿ ತಿನ್ನುವುದು. ನಮ್ಮಲ್ಲಿ ಮೂರು ತಲೆಮಾರು ಸ್ಕೂಲ್ ಊಟ ಅಂದರೆ ಇದೇ. ಹೊರಗಿನವರು ಮೂಗು ಮುರಿಯುತ್ತಾರೆ. ಹಾಲ್ವರ್ಸನ್ ಕ್ಲಾಸಿನಲ್ಲಿ ಯಾರೋ ಕೇಳಿದರಂತೆ: ನಮ್ಮ ರಾಜ್ಯಕ್ಕೆ ಹಕ್ಕಿ ಇದೆ, ಹೂವಿದೆ, ಊಟ ಯಾಕಿಲ್ಲ? ಹಾಲ್ವರ್ಸನ್ ಸುಮ್ಮನಿರುತ್ತಾಳೆಯೇ. "ಹಂಗಾದ್ರೆ ಸೆನೆಟರನ್ನೇ ಕೇಳೋಣ!" ಅಂದಳಂತೆ.

ಕೇಳಿದ್ದು ಯಾರೋ ಅಲ್ಲ. ಬ್ರಿನ್. ಈ ಮಾತು ನನಗೆ ಬಂದದ್ದು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಾಗ, ಬೇರೆಯವರ ಬಾಯಿಂದ.

ಜನವರಿ 15

ಮಕ್ಕಳ ಮಾತಿಗೆ ನಮ್ಮ ಕ್ಷೇತ್ರದ ಸೆನೆಟರ್ ಒಪ್ಪಿ ಬಿಲ್ ಮಂಡಿಸಿಯೇಬಿಟ್ಟರು. ಚಿಲಿ ಮತ್ತು ರೋಲ್, ರಾಜ್ಯದ ಸ್ಕೂಲ್ ಊಟ. ನಮ್ಮ ಶಾಸನಸಭೆಯಲ್ಲಿ ಇರುವುದು ಒಂದೇ ಸದನ, ಮತ್ತು ಎಂಥ ಬಿಲ್ ಬಂದರೂ ಜನರ ಮುಂದಿಟ್ಟು ಅಹವಾಲು ಕೇಳಲೇಬೇಕು. ಪರ ಇರುವವರು ಬರಬಹುದು, ವಿರೋಧ ಇರುವವರೂ ಬರಬಹುದು. ಇಷ್ಟು ವರ್ಷ ಇದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ ಕಲಿಸಿದವಳು ನಾನು. ಪೇಪರಿನಲ್ಲಿ ಫೋಟೋ ಬಂದದ್ದು ಹಾಲ್ವರ್ಸನ್‌ದು. ಒಂದು ಕೈ ಬ್ರಿನ್ ಹೆಗಲ ಮೇಲೆ.

ಆ ಕೈಯನ್ನು ಬಹಳ ಹೊತ್ತು ನೋಡಿದೆ. ಹೊಟ್ಟೆಕಿಚ್ಚು. ಇನ್ನೇನು ಅಂತ ಬರೆಯಲಿ? ಇಲ್ಲಿ ಓದುವವರು ಯಾರೂ ಇಲ್ಲವಲ್ಲ.

ಜನವರಿ 22

ನನಗೂ ಒಂದು ಉಪಾಯ ಹೊಳೆಯಿತು. ಎರಡೂ ವಿಭಾಗದ ಮಕ್ಕಳು ಅಹವಾಲಿಗೆ ಒಂದೇ ದಿನ ಲಿಂಕನ್‌ಗೆ ಹೋಗುತ್ತಾರೆ. ಅವಳ ಮಕ್ಕಳು ಬಿಲ್ ಪರ ಮಾತಾಡಿದರೆ, ನನ್ನ ಮಕ್ಕಳಲ್ಲೊಬ್ಬ ವಿರೋಧ ಮಾತಾಡಲಿ. ವೆಸ್ಟನ್‌ಗೆ ದಾಲ್ಚಿನ್ನಿ ಕಂಡರೆ ಆಗದು, ಅವನೇ ಸರಿ. ವಿರೋಧವಿಲ್ಲದೆ ಅಹವಾಲು ಹೇಗೆ ಪೂರ್ತಿಯಾಗುತ್ತದೆ? ಇದು ಪಾಠವೇ. ಅಪ್ಪಟ ಪೌರನೀತಿ ಪಾಠ.

ಹಾಲ್ವರ್ಸನ್‌ಗೆ ಹೇಳಿದೆ. ಮುಖ ಸಣ್ಣಗಾಗಲಿ ಅಂತ ಕಾದೆ. "ಅಯ್ಯೋ ಜೋಲೀನ್, ಎಂಥ ಐಡಿಯಾರೀ! ನಂಗ್ಯಾಕೆ ಹೊಳೀಲಿಲ್ಲ?" ಅಂತ ಕೈ ಹಿಡಿದುಕೊಂಡಳು. ಅವಳ ಒಳ್ಳೆಯತನ ನೋಡಿ ಇನ್ನಷ್ಟು ಮೈ ಉರಿಯಿತು.

ಫೆಬ್ರವರಿ 10, ರಾತ್ರಿ

ಬರೆಯಬಾರದು ಅಂತಿದ್ದೆ. ಆದರೂ ಬರೆದುಬಿಡುತ್ತೇನೆ.

ಬಸ್ಸಿನಲ್ಲಿ ವೆಸ್ಟನ್ ವಾಂತಿ ಮಾಡಿಕೊಂಡ. "ಮಿಸೆಸ್ ಪೋಸ್ಪಿಶಿಲ್, ನಂಗ್ ಆಗಲ್ಲ, ಅಲ್ಲಿ ಮಾತಾಡಕ್ಕೆ ಆಗಲ್ಲ" ಅಂತ ಅತ್ತ. ಆಗಲಿ ಬಿಡು ಪುಟ್ಟ ಅಂದೆ. ಅಲ್ಲಿಗೆ ಮುಗಿಯಬೇಕಿತ್ತು.

ಅಹವಾಲಿನ ಕೋಣೆ. ಮೇಲೆ ಸೆನೆಟರುಗಳು, ಕೆಳಗೆ ಒಂದು ಮೇಜು, ಒಂದು ಮೈಕು. ಬ್ರಿನ್ ಕುರ್ಚಿ ಹತ್ತಿ ಕೂತಳು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ದಾಖಲೆಗಾಗಿ ಹೆಸರು ಹೇಳಬೇಕು, ಇಲ್ಲಿನ ಪದ್ಧತಿ. "ಬ್ರಿನ್ ಪೋಸ್ಪಿಶಿಲ್" ಅಂತ ಗಟ್ಟಿಯಾಗಿ ಹೇಳಿದಳು. ಎಷ್ಟು ಚೆನ್ನಾಗಿ ಮಾತಾಡಿದಳು! ಹೊಲದ ಮನೆಯ ಮಕ್ಕಳೂ ಪೇಟೆಯ ಮಕ್ಕಳೂ ಒಂದೇ ಬೆಂಚಿನಲ್ಲಿ ಒಂದೇ ಊಟ ತಿನ್ನುತ್ತೇವೆ, ಅದಕ್ಕೇ ಇದು ನಮ್ಮ ರಾಜ್ಯದ ಊಟ ಅಂದಳು. ಒಬ್ಬ ಸೆನೆಟರ್ ಕಣ್ಣೊರೆಸಿಕೊಂಡರು. ಇನ್ನೊಬ್ಬರು, "ಇಷ್ಟೆಲ್ಲಾ ನಿಂಗೆ ಯಾರಮ್ಮ ಹೇಳ್ಕೊಟ್ಟೋರು?" ಅಂತ ಕೇಳಿದರು.

"ಮಿಸ್ ಹಾಲ್ವರ್ಸನ್."

ಕುರ್ಚಿಯಿಂದ ಇಳಿದವಳು ನೇರ ಅವಳ ಹತ್ತಿರ ಓಡಿದಳು. ಅವಳ ತೋಳಿನೊಳಗೆ ಸೇರಿಕೊಂಡಳು. ನಾನು ಹಿಂದಿನ ಸಾಲಿನಲ್ಲೇ ಇದ್ದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಸಮಿತಿಯ ಅಧ್ಯಕ್ಷೆ ಕೇಳಿದರು: "ವಿರೋಧಿಸುವವರು ಯಾರಾದರೂ ಇದ್ದೀರಾ?"

ಯಾರೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ನಾನು ಎದ್ದೆ.

ಯಾಕೆ ಎದ್ದೆನೋ. ಮೇಜಿನವರೆಗೆ ಹೋದಮೇಲೆ ಹಿಂತಿರುಗುವುದು ಹೇಗೆ? ಕೂತೆ. ಮೈಕಿಗೆ ಹೆಸರು ಹೇಳಿದೆ. ಜೋಲೀನ್ ಪೋಸ್ಪಿಶಿಲ್. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು.

"ಈಗ ಮಾತಾಡಿದ ಮಗು ನಿಮಗೇನಾಗ್ಬೇಕಮ್ಮ?"

"ಮಗಳು."

ಇಡೀ ಕೋಣೆ ಘೊಳ್ಳೆಂದು ನಕ್ಕಿತು. "ಹಂಗಾದ್ರೆ ಇವತ್ತು ಮನೇಲಿ ಅಡುಗೆ ಯಾರು ಮಾಡ್ತಾರೋ!" ಅಂದರು ಒಬ್ಬ ಸೆನೆಟರ್. ಮತ್ತೆ ನಗು. ವೆಸ್ಟನ್‌ಗೆ ಬರೆದುಕೊಟ್ಟಿದ್ದ ಮಾತನ್ನೇ ಒಪ್ಪಿಸಿದೆ. ಕಾನೂನು ಪುಸ್ತಕ ತಿಂಡಿಯ ಪಟ್ಟಿಯಲ್ಲ, ಮಕ್ಕಳ ಹುಡುಗಾಟಕ್ಕೆ ಸದನದ ಹೊತ್ತು ಹಾಳು ಮಾಡಬಾರದು. ಹುಡುಗಾಟ ಅಂದೆ. ಹತ್ತು ವರ್ಷದ ಹುಡುಗನ ಬಾಯಲ್ಲಿ ಮುದ್ದಾಗಿ ಕೇಳುತ್ತಿತ್ತೇನೋ. ನನ್ನ ಬಾಯಲ್ಲಿ ಕೇಳಿ ಯಾರೂ ನಗಲಿಲ್ಲ.

ತಿರುಗಿ ನೋಡಿದೆ. ಬ್ರಿನ್ ಮುಖ ಕೆಂಪಾಗಿತ್ತು. ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಯಾರೋ ಗೊತ್ತಿಲ್ಲದವರನ್ನು ನೋಡುವ ಹಾಗೆ.

ಫೆಬ್ರವರಿ 11

ಬ್ರಿನ್ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಹಾಲು ಬೇಕಾ?" ಅಂದರೆ ತಲೆ ಆಡಿಸುತ್ತಾಳೆ. ಲೈಲ್‌ಗೆ ಈಗ ನಗು ಬರುತ್ತಿಲ್ಲ.

ಫೆಬ್ರವರಿ 17, ಸಂಜೆ

ಕಾರಿನಲ್ಲಿ ಕೊನೆಗೂ ಬಾಯಿ ಬಿಟ್ಟಳು.

"ಮಿಸ್ ಹಾಲ್ವರ್ಸನ್ ಕ್ಲಾಸಲ್ಲಿ ನಿನ್ನ ಹೊಗಳಿದ್ರು. ನಿಮ್ಮಮ್ಮ ಧೈರ್ಯವಂತೆ, ವಿರೋಧ ಇದ್ರೇನೇ ನಿಜವಾದ ಅಹವಾಲು ಅಂದ್ರು. ಎಲ್ರೂ ಚಪ್ಪಾಳೆ ಹೊಡೆದ್ರು."

ಕೆಂಪು ದೀಪಕ್ಕೆ ಕಾರು ನಿಲ್ಲಿಸಿದೆ.

"ನಾನು ಹೊಡೀಲಿಲ್ಲ. ನೀನು ಮನೇಲಿ ರೋಲ್ ಮಾಡ್ತೀಯ. ನಿಂಗೆ ಬಿಲ್ ಮೇಲೆ ಕೋಪ ಇರ್ಲಿಲ್ಲ."

"ಬ್ರಿನ್..."

"ಅವ್ರಿಗೆ ಗೊತ್ತಿಲ್ಲಮ್ಮ. ನೀನು ಒಳ್ಳೇದಕ್ಕೇ ಮಾಡಿದೆ ಅಂದ್ಕೊಂಡಿದ್ದಾರೆ. ನೀನೇ ಹೇಳ್ಬೇಕು. ಅಲ್ಲೀವರ್ಗೂ ನಾನು ನಿನ್ಜೊತೆ ಕಾರಲ್ಲಿ ಬರಲ್ಲ. ಬಸ್ಸಲ್ಲೇ ಹೋಗ್ತೀನಿ."

ಕ್ಲಾಸಿನ ಮಕ್ಕಳನ್ನು ಹೇಗೆ ಗದರಬೇಕು ಅಂತ ಗೊತ್ತು ನನಗೆ. ಇವಳನ್ನು ಗದರಲಿಲ್ಲ, ಮನೆ ಮುಂದೆ ಕಾರು ನಿಲ್ಲಿಸಿ ಅವಳ ಬ್ಯಾಗು ಎತ್ತಿಕೊಂಡೆ.

ಫೆಬ್ರವರಿ 26, ಬೆಳಿಗ್ಗೆ, ಸ್ಕೂಲಿನಲ್ಲಿ

ಬ್ರಿನ್ ಇವತ್ತೂ ಬಸ್ಸಿನಲ್ಲೇ ಬಂದಳು. ಬಿಲ್ ಸಮಿತಿಯಲ್ಲಿ ಪಾಸಾಯಿತು ಅಂತ ನಿನ್ನೆ ಸುದ್ದಿ ಬಂತು. ಎದುರು ಕೋಣೆಯಲ್ಲಿ ಕುಣಿದಾಟ. ಹಾಲ್ವರ್ಸನ್ ನನಗೂ ಒಂದು ರೋಲ್ ತಂದು ಮೇಜಿನ ಮೇಲಿಟ್ಟು, "ಇದ್ರಲ್ಲಿ ನಿಮ್ದೂ ಪಾಲಿದೆ ಜೋಲೀನ್" ಅಂದಳು. ಮುಟ್ಟಿಲ್ಲ.

ಗಂಟೆಗೆ ಇನ್ನೂ ಹೊತ್ತಿದೆ. ಅವಳ ಬಾಗಿಲು ತೆರೆದಿದೆ. ಬಾಗಿಲ ಹತ್ತಿರ ಬ್ರಿನ್ ನಿಂತಿದ್ದಾಳೆ, ಬ್ಯಾಗು ಇನ್ನೂ ಬೆನ್ನ ಮೇಲೆ. ಇತ್ತ ನೋಡುತ್ತಿದ್ದಾಳೆ. ಬರುತ್ತೀಯೋ ಇಲ್ಲವೋ ಅಂತ.

ಏನಂತ ಹೇಳಲಿ? ಅಭಿನಂದನೆ ಅಂದರೆ ಸುಳ್ಳು. ಪಾಠಕ್ಕಾಗಿ ಮಾಡಿದೆ ಅಂದರೆ ಅದು ಇನ್ನೂ ದೊಡ್ಡ ಸುಳ್ಳು. ನನ್ನ ಮಗಳು ನಿಮ್ಮನ್ನು ಹಚ್ಚಿಕೊಂಡಳು, ನನಗೆ ಹೊಟ್ಟೆ ಉರಿಯಿತು ಅಂತಲೇ ಹೇಳಬೇಕು. ಬ್ರಿನ್ ಮುಂದೆಯೇ ಹೇಳಬೇಕು.

ಈಗಲೂ ಉರಿಯುತ್ತಿದೆ. ಅವಳು ನಿಂತು ಕಾಯುತ್ತಿರುವುದು ಆ ಬಾಗಿಲಲ್ಲಿ, ನನ್ನ ಬಾಗಿಲಲ್ಲಲ್ಲ.

ಬ್ರಿನ್ ಬ್ಯಾಗು ಕೆಳಗಿಟ್ಟಳು. ಕೈ ಚಾಚಿದಳು... ನನಗೇ. ಏಳುತ್ತೇನೆ. ಅಹವಾಲಿನಲ್ಲಿ ಹೇಳಿದ ಹಾಗೆ ಮೊದಲು ಹೆಸರು ಹೇಳಿ ಶುರು ಮಾಡಲೇ, ಅಥವಾ ನೇರವಾಗಿ...